ಹೊಸ ಬಂದಿಶ್‌ಗೆ ಎರಡನೆಯ ಕಂಠ ಯಾರದು?

ಮಲ್ಲಿಕಾರ್ಜುನ ಮನಸೂರರು ಹುಟ್ಟಿದ್ದು 1910ರಲ್ಲಿ, ಗಂಗೂಬಾಯಿ ಹಾನಗಲ್ಲರು 1913ರಲ್ಲಿ, ಭೀಮಸೇನ ಜೋಶಿಯವರು 1922ರಲ್ಲಿ, ಕುಮಾರ ಗಂಧರ್ವರು 1924ರಲ್ಲಿ. ಹೀಗಾಗಿ ಈಚಿನ ವರ್ಷಗಳಲ್ಲಿ ಹುಬ್ಬಳ್ಳಿ-ಧಾರವಾಡದ ಸಂಗೀತ ವಲಯಕ್ಕೆ ಶತಮಾನೋತ್ಸವಗಳು ಒಂದರ ಹಿಂದೊಂದು ಬಂದವು. ಇಂಥ ಸಂದರ್ಭ ಬಂದಾಗ ಹಳೆಯದನ್ನು ನೆನೆಯುವುದರ ಜೊತೆಗೆ ಹೊಸದೇನನ್ನಾದರೂ ಮಾಡಿಸಬೇಕೆಂಬ ಆಸೆ ಸಂಘಟಕರಲ್ಲಿ ಹುಟ್ಟುವುದು ಸಹಜ. ಒಬ್ಬ ಗಾಯಕರಿಗೆ ಹೊಸ ಬಂದಿಶ್ (ರಾಗ, ತಾಳಕ್ಕೆ ಹೊಂದಿಸಿದ ಹಾಡು) ಕಟ್ಟಲು ಕೇಳುತ್ತಾರೆ, ಇನ್ನೊಬ್ಬರಿಗೆ ಒಂದಷ್ಟು ವಚನಗಳಿಗೆ ರಾಗ ಸಂಯೋಜಿಸಲು ಹೇಳುತ್ತಾರೆ, ಅನುದಾನ ಸ್ವಲ್ಪ ದೊಡ್ಡದಿದ್ದರೆ ಸಿತಾರ, ಕೊಳಲು, ತಬಲಾಗಳ ಜೊತೆಗೆ ಹತ್ತಾರು ಕಂಠಗಳು ಕೂಡಿದ ವೃಂದಗಾಯನವನ್ನೇ ಮಾಡಿಸುತ್ತಾರೆ. ಅದು ಒಂದು ಸಂಜೆ ವೇದಿಕೆ ಏರುತ್ತದೆ, ಚಪ್ಪಾಳೆ ಪಡೆಯುತ್ತದೆ, ಮರುದಿನದ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಆಮೇಲೆ ಬಹುಪಾಲು ರಚನೆಗಳನ್ನು ಮತ್ತೆ ಯಾರೂ ಹಾಡುವುದಿಲ್ಲ.

ಹೊಸ ಕೃತಿ ಮಾಡಿಸಬಾರದೆಂದು ನಾನು ಹೇಳುತ್ತಿಲ್ಲ. ಮಾಡಿಸಲೇಬೇಕು, ಈಗಿನದಕ್ಕಿಂತ ಹೆಚ್ಚು ಮಾಡಿಸಬೇಕು. ಆದರೆ ಈಗಿನ ಪದ್ಧತಿಯಲ್ಲಿ ಹಣ, ಶ್ರಮ, ಪ್ರಚಾರ ಎಲ್ಲವೂ ಮೊದಲ ಪ್ರಯೋಗದ ಸಂಜೆಗೇ ತೀರಿಹೋಗುತ್ತವೆ. ಹಿಂದುಸ್ತಾನಿ ಸಂಗೀತದಲ್ಲಿ ಒಂದು ರಚನೆ ಬದುಕಿದೆ ಎನ್ನಬೇಕಾದರೆ, ಅದನ್ನು ಕಟ್ಟಿದವರನ್ನು ಬಿಟ್ಟು ಇನ್ನೊಬ್ಬರು, ಬೇರೆ ಊರಿನಲ್ಲಿ, ಬೇರೆ ಸಂದರ್ಭದಲ್ಲಿ, ಯಾರ ಒತ್ತಾಯವೂ ಇಲ್ಲದೆ ಅದನ್ನು ಹಾಡಬೇಕು. ಆ ಎರಡನೆಯ ಕಂಠವನ್ನು ಸಿದ್ಧಗೊಳಿಸುವ ಕೆಲಸಕ್ಕೆ ನಮ್ಮ ಸಂಘಟಕರ ಆಯವ್ಯಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಒಂದು ಸಾಲೂ ಇರುವುದಿಲ್ಲ. ವೇದಿಕೆ, ಧ್ವನಿವರ್ಧಕ, ಕಲಾವಿದರ ಬಿದಾಗಿ (ಸಂಭಾವನೆ), ಪ್ರವಾಸ, ವಸತಿ, ಹಾರ-ಶಾಲು, ಆಮಂತ್ರಣ ಪತ್ರಿಕೆ ಎಂದು ಸಾಗುವ ಆ ಪಟ್ಟಿ ಕಾರ್ಯಕ್ರಮದ ರಾತ್ರಿಯ ಊಟಕ್ಕೆ ನಿಲ್ಲುತ್ತದೆ. ನನ್ನ ವಾದ ಇಷ್ಟೇ: ಆ ಪಟ್ಟಿ ಇನ್ನೂ ಒಂದೆರಡು ವರ್ಷ ಮುಂದಕ್ಕೆ ಹೋಗಬೇಕು.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲೂ ಇದೇ ದೂರು ಬಹಳ ಕಾಲದಿಂದ ಇದೆ. ಹೊಸ ಕೃತಿಯ ಮೊದಲ ಪ್ರದರ್ಶನ ತಮ್ಮದಾಗಬೇಕೆಂದು ವಾದ್ಯವೃಂದಗಳು ಪೈಪೋಟಿ ನಡೆಸುತ್ತವೆ, ಎರಡನೆಯ ಪ್ರದರ್ಶನಕ್ಕೆ ಮುಂದೆ ಬರುವವರು ಕಡಿಮೆ. ಆದರೆ ಅಲ್ಲಿ ಕೃತಿ ಕನಿಷ್ಠ ಕಾಗದದ ಮೇಲೆ ಪೂರ್ಣವಾಗಿ ಉಳಿದಿರುತ್ತದೆ. ಐವತ್ತು ವರ್ಷ ಕಪಾಟಿನಲ್ಲಿದ್ದ ಸ್ವರಲಿಪಿಯನ್ನು ತೆಗೆದು, ಅದನ್ನು ಬರೆದವರನ್ನು ಒಮ್ಮೆಯೂ ಕಾಣದ ವಾದಕರು ನುಡಿಸಬಲ್ಲರು. ಹಿಂದುಸ್ತಾನಿ ಕಛೇರಿಯ ಮುಖ್ಯ ಪ್ರಕಾರವಾದ ನಮ್ಮ ಖ್ಯಾಲ ಗಾಯನದಲ್ಲಿ ಆ ಅನುಕೂಲ ಇಲ್ಲ.

ಭಾತಖಂಡೆಯವರ ಸ್ವರಲಿಪಿ ಪದ್ಧತಿಯಲ್ಲಿ ಬರೆದ ಒಂದು ಬಡಾ ಖ್ಯಾಲದ (ನಿಧಾನಗತಿಯ ಖ್ಯಾಲದ) ಪುಟವನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ವಿಲಂಬಿತ ಏಕತಾಲವೆಂದುಕೊಳ್ಳೋಣ. ಹನ್ನೆರಡು ಮಾತ್ರೆಗಳ ಮನೆಗಳು; ಸಮ್ (ತಾಳದ ಮೊದಲ ಮಾತ್ರೆ) ಇರುವಲ್ಲಿ ಗುಣಾಕಾರದ ಗುರುತು, ಖಾಲಿ (ಪೆಟ್ಟಿಲ್ಲದ ಮಾತ್ರೆ) ಇರುವಲ್ಲಿ ಸೊನ್ನೆ. ಕೋಮಲ ಸ್ವರಕ್ಕೆ ಕೆಳಗೆ ಗೆರೆ, ತೀವ್ರ ಮಧ್ಯಮಕ್ಕೆ ಮೇಲೆ ನೆಟ್ಟಗಿನ ಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ, ಅಕ್ಷರ ಎಳೆಯುವಲ್ಲಿ ಅವಗ್ರಹ. ಮುಖಡಾ, ಅಂದರೆ ಹಾಡಿನ ಮೊದಲ ತುಣುಕು, ಹನ್ನೊಂದನೆಯ ಅಥವಾ ಹನ್ನೆರಡನೆಯ ಮಾತ್ರೆಯಿಂದ ಎದ್ದು ಸಮ್‌ಗೆ ಬಂದು ಬೀಳುತ್ತದೆ. ಆ ಮನೆಯಲ್ಲಿ ಬರೆದಿರುವುದು ಮೂರೋ ನಾಲ್ಕೋ ಸ್ವರ. ಆದರೆ ಅತಿ ವಿಲಂಬಿತದಲ್ಲಿ ಒಂದು ಆವರ್ತನ ಮುಗಿಯಲು ಹೆಚ್ಚುಕಡಿಮೆ ಒಂದು ನಿಮಿಷ ಹಿಡಿಯುವುದುಂಟು. ಅಂದರೆ ಆ ಮೂರು ಸ್ವರಗಳ ನಡುವೆ ನಾಲ್ಕೈದು ಸೆಕೆಂಡುಗಳ ಬಯಲು. ಅಲ್ಲಿ ಯಾವ ಮೀಂಡ (ಸ್ವರದಿಂದ ಸ್ವರಕ್ಕೆ ಜಾರು), ಯಾವ ಕಣ (ಸ್ವರಕ್ಕೆ ತಾಗುವ ಕಿರುಸ್ವರ), ಉಸಿರು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು, ಅಕ್ಷರವನ್ನು ಲಯದ ಮೇಲೆ ಇಡಬೇಕೋ ಸ್ವಲ್ಪ ಹಿಂದೆ ಸರಿಸಬೇಕೋ ಎಂಬುದು ಪುಟದಲ್ಲಿ ಇಲ್ಲ. ಕಿರಾಣಾ ಘರಾಣೆಯ (ಗಾಯನ ಪರಂಪರೆಯ) ತಾಲೀಮಿನವರು ಆ ಬಯಲನ್ನು ಸ್ವರದ ಎಳೆಯಿಂದ ತುಂಬುತ್ತಾರೆ, ಜೈಪುರ-ಅತ್ರೌಲಿಯವರು ಲಯದ ಒಳಲೆಕ್ಕದಿಂದ ತುಂಬುತ್ತಾರೆ. ಕಟ್ಟಿದವರು ಏನನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದರೋ ಅದು ಎದುರು ಕುಳಿತು ಕಲಿತವರಿಗೆ ಮಾತ್ರ ಸಿಗುತ್ತದೆ. ಆದ್ದರಿಂದ ಸಂಯೋಜಕರ ವಹಿಯಲ್ಲೋ ಮೊಬೈಲಿನ ಧ್ವನಿ ಕಡತದಲ್ಲೋ ಉಳಿದ ಹೊಸ ಬಂದಿಶ್ ಅರ್ಧ ಮಾತ್ರ ಉಳಿದ ಬಂದಿಶ್.

ಹಾಗೆಂದು ಬರೆಹದ ಬೆಲೆಯನ್ನು ತಗ್ಗಿಸಲಾಗದು. ವಿಷ್ಣು ನಾರಾಯಣ ಭಾತಖಂಡೆಯವರು (1860–1936) ಮನೆತನದ ಗವಾಯಿಗಳಿಂದ ಬಂದಿಶ್‌ಗಳನ್ನು ಸಂಗ್ರಹಿಸಿ ಆರು ಸಂಪುಟಗಳಲ್ಲಿ ಸ್ವರಲಿಪಿ ಸಹಿತ ಅಚ್ಚು ಹಾಕಿಸದೆ ಹೋಗಿದ್ದರೆ ಇಂದು ಪರೀಕ್ಷೆಗೆ ಕೂರುವ ಮಕ್ಕಳು ಹಾಡುವ ಅದೆಷ್ಟೋ ಚೀಜುಗಳು (ಬಂದಿಶ್‌ಗಳು) ಕೆಲವೇ ಮನೆಗಳಲ್ಲಿ ಮುಚ್ಚಿಹೋಗುತ್ತಿದ್ದವು. ಅವರು ತಾವೇ ‘ಚತುರ’ ಎಂಬ ಅಂಕಿತದಲ್ಲಿ ಕಟ್ಟಿದ ರಚನೆಗಳೂ ಆ ಪುಸ್ತಕಗಳ ಜೊತೆಗೇ ಪ್ರಚಾರಕ್ಕೆ ಬಂದವು. ರಾಮಾಶ್ರೇಯ ಝಾ ‘ರಾಮರಂಗ’ (1928–2009) ಅವರ ಬಂದಿಶ್‌ಗಳು ಅಲಾಹಾಬಾದಿನಿಂದ ಹೊರಟು ದೇಶದ ಉದ್ದಗಲಕ್ಕೂ ಹರಡಿದ್ದಕ್ಕೆ ಅವುಗಳ ಸೌಂದರ್ಯ ಒಂದು ಕಾರಣ, ಅವು ಸ್ವರಲಿಪಿಯೊಂದಿಗೆ ಅಚ್ಚಾಗಿದ್ದು ಇನ್ನೊಂದು ಕಾರಣ, ಅವರು ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದು ಮೂರನೆಯ ಕಾರಣ. ಅಚ್ಚು, ಪಾಠ, ಶಿಷ್ಯರು ಮೂರೂ ಕೂಡಿದಲ್ಲಿ ರಚನೆ ನಡೆದಾಡಿದೆ.

ಹೊಸ ರಚನೆಯನ್ನು ಬೇರೆ ಗಾಯಕರು ಏಕೆ ಎತ್ತಿಕೊಳ್ಳುವುದಿಲ್ಲ? ಇದಕ್ಕೆ ಆಲಸ್ಯವನ್ನೋ ಅಸೂಯೆಯನ್ನೋ ದೂರುವುದು ಸುಲಭ; ಆದರೆ ಕಾರಣಗಳು ಅದಕ್ಕಿಂತ ಗಟ್ಟಿಯಾಗಿವೆ. ಈಗಿನ ಸಂಗೀತೋತ್ಸವಗಳಲ್ಲಿ ಒಬ್ಬ ಯುವ ಗಾಯಕಿಗೆ ಸಿಗುವುದು ನಲವತ್ತೈದು ನಿಮಿಷ, ಹೆಚ್ಚೆಂದರೆ ಒಂದು ಗಂಟೆ. ಅಷ್ಟರಲ್ಲಿ ಒಂದು ರಾಗದ ಬಡಾ ಖ್ಯಾಲ, ಛೋಟಾ ಖ್ಯಾಲ, ಕೊನೆಗೆ ಒಂದು ವಚನ ಅಥವಾ ದಾಸರ ಪದ. ತನ್ನ ತಾಲೀಮು ಗಟ್ಟಿ ಎಂದು ತೋರಿಸಿಕೊಳ್ಳಬೇಕಾದ ಆ ಹೊತ್ತಿನಲ್ಲಿ ಗುರು ಕೊಟ್ಟ, ನೂರಾರು ಸಲ ರಿಯಾಜ್ ಮಾಡಿದ, ಶ್ರೋತೃಗಳ ಕಿವಿಗೂ ಪರಿಚಯವಿರುವ ಬಂದಿಶನ್ನು ಬಿಟ್ಟು ಬೇರೆಯವರ ಹೊಸ ರಚನೆಯನ್ನು ಹಿಡಿಯುವ ಧೈರ್ಯ ಎಲ್ಲಿಂದ ಬರಬೇಕು? ತಬಲಾ ಸಾಥಿಗೂ ಸಂವಾದಿನಿ (ಹಾರ್ಮೋನಿಯಂ) ನುಡಿಸುವವರಿಗೂ ಆ ಮುಖಡಾ ಹೊಸದು. ಅವರೊಂದಿಗೆ ಕೂತು ತಾಳೆ ನೋಡಲು ವೇಳೆಯೂ ಇಲ್ಲ, ಅದಕ್ಕೆ ಯಾರೂ ಹಣವನ್ನೂ ಕೊಡುವುದಿಲ್ಲ. ಘರಾಣೆಯ ನಿಷ್ಠೆಯೂ ಇಲ್ಲಿ ಕೆಲಸ ಮಾಡುತ್ತದೆ. ಸಮಕಾಲೀನರೊಬ್ಬರ ಅಂಕಿತವುಳ್ಳ ಚೀಜನ್ನು ಇನ್ನೊಂದು ಗುರುಮನೆಯವರು ಹಾಡಿದರೆ ಅದು ಅವರಿಗೆ ಸಲ್ಲಿಸಿದ ಗೌರವ. ಆ ಗೌರವ ಸಲ್ಲಿಸುವ ಮನಸ್ಸು ಇದ್ದರೂ, ಕೇಳಿ ಕಲಿಯುವ ದಾರಿ ತೆರೆದಿರುವುದಿಲ್ಲ. ‘ಕಲಿಸಿಕೊಡಿ’ ಎಂದು ಹೋಗಲು ಸಂಕೋಚ, ‘ಬಂದು ಕಲಿಯಿರಿ’ ಎಂದು ಕರೆಯಲು ಬಿಗುಮಾನ.

ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ಸಾಹಿತ್ಯದ್ದು ಎಂಬುದು ನನ್ನ ಅಭಿಪ್ರಾಯ. ಶತಮಾನೋತ್ಸವಕ್ಕೆಂದು ಮಾಡಿಸಿದ ಬಂದಿಶ್‌ನ ಸ್ಥಾಯಿಯಲ್ಲೇ (ಮೊದಲ ಭಾಗದಲ್ಲೇ) ಆ ಮಹನೀಯರ ಹೆಸರು ಬರಬೇಕೆಂದು ಸಂಘಟಕರು ಬಯಸುತ್ತಾರೆ. ಹೆಸರು ಬಂದಕೂಡಲೆ ಆ ರಚನೆ ಆ ದಿನಕ್ಕೆ ಕಟ್ಟುಬೀಳುತ್ತದೆ. ಮುಂದಿನ ತಿಂಗಳು ಹಾವೇರಿಯಲ್ಲೋ ಸೊಲ್ಲಾಪುರದಲ್ಲೋ ನಡೆಯುವ ಬೈಠಕ್‌ನಲ್ಲಿ ಅದೇ ಸ್ತುತಿಯನ್ನು ಹಾಡಲು ಕಾರಣವೇ ಇರುವುದಿಲ್ಲ. ಮಳೆ, ವಿರಹ, ಬೆಳಗು, ದೇವರು, ಗುರು ಎಂಬ ಹಳೆಯ ವಸ್ತುಗಳು ಖ್ಯಾಲದಲ್ಲಿ ಶತಮಾನಗಟ್ಟಲೆ ಉಳಿದದ್ದು ಅವುಗಳನ್ನು ಯಾವ ಊರಿನಲ್ಲಿ ಯಾವ ವರ್ಷ ಹಾಡಿದರೂ ಸಲ್ಲುತ್ತದೆಂಬ ಕಾರಣಕ್ಕೆ.

ಸಂದರ್ಭಕ್ಕೆಂದು ಹುಟ್ಟಿದ್ದೆಲ್ಲ ಸಾಯಲೇಬೇಕೆಂದೇನೂ ಇಲ್ಲ. 1948ರಲ್ಲಿ ಗಾಂಧೀಜಿಯವರ ಹತ್ಯೆಯಾದಾಗ ಆಕಾಶವಾಣಿಗಾಗಿ ರವಿಶಂಕರರು ಮಾಲಕಂಸದ ಚೌಕಟ್ಟಿನಲ್ಲಿ ಮೋಹನಕಂಸವನ್ನು ಕಟ್ಟಿದರು. ಗಾಂಧಿ ಜನ್ಮಶತಾಬ್ದಿಯ ಸಂದರ್ಭಕ್ಕೆ, 1969ರ ಹೊತ್ತಿಗೆ, ಕುಮಾರ ಗಂಧರ್ವರು ಗಾಂಧಿ ಮಲ್ಹಾರವನ್ನು ಕೊಟ್ಟರು. ಎರಡೂ ಪ್ರತಿಭಾವಂತರ ಕೆಲಸ, ಎರಡಕ್ಕೂ ಧ್ವನಿಮುದ್ರಣಗಳಿವೆ, ಆದರೂ ಎರಡೂ ಹೆಚ್ಚಾಗಿ ಆಯಾ ಪರಂಪರೆಯವರಲ್ಲಿಯೇ ಉಳಿದಿವೆ. ಬೇರೆಯವರ ಕಛೇರಿಗಳಲ್ಲಿ ಅಪರೂಪ. ಇವುಗಳ ಪಕ್ಕದಲ್ಲಿ ಜೋಗಕಂಸವನ್ನು ಇಟ್ಟು ನೋಡಬೇಕು. ಜಗನ್ನಾಥಬುವಾ ಪುರೋಹಿತ ‘ಗುಣಿದಾಸ’ರು (1904–1968) ಜೋಗ ಮತ್ತು ಕಂಸಗಳನ್ನು ಬೆಸೆದು ಕಟ್ಟಿದ ಈ ರಾಗವನ್ನು ಯಾವ ಸಮಾರಂಭವೂ ಮಾಡಿಸಲಿಲ್ಲ. ಆದರೆ ಸಿ.ಆರ್. ವ್ಯಾಸ್, ಮಾಣಿಕ ವರ್ಮಾ, ಜಿತೇಂದ್ರ ಅಭಿಷೇಕಿ ಅವರಂಥ ಶಿಷ್ಯರಿಗೆ ಅವರ ತಾಲೀಮು ಸಿಕ್ಕಿತು. ಇನ್ನೊಂದು ಘರಾಣೆಯ ಕಿಶೋರಿ ಅಮೋಣಕರರೂ ಜೋಗಕಂಸವನ್ನು ಎತ್ತಿಕೊಂಡರು. ಇಂದು ಅದನ್ನು ಕೇಳುವವರಲ್ಲಿ ಬಹಳ ಮಂದಿಗೆ ಅದು ಇಪ್ಪತ್ತನೆಯ ಶತಮಾನದ ರಾಗವೆಂಬುದೇ ತಿಳಿದಿರುವುದಿಲ್ಲ. ಭೀಮಸೇನ ಜೋಶಿಯವರ ಕಲಾಶ್ರೀ ಈ ಎರಡರ ನಡುವೆ ನಿಲ್ಲುತ್ತದೆ: ಕಲಾವತಿ ಮತ್ತು ರಾಗೇಶ್ರೀಗಳ ಆ ಕೂಡಿಕೆ ಅವರ ಧ್ವನಿಮುದ್ರಣದ ಬಲದಿಂದಲೇ ಅಸಂಖ್ಯ ಮನೆಗಳನ್ನು ತಲುಪಿದೆ. ಅದನ್ನು ತಮ್ಮದಾಗಿ ಬೆಳೆಸಿ ಹಾಡುವವರು ಇನ್ನೂ ಹೆಚ್ಚಬೇಕು.

ನಮ್ಮ ಭಾಗದಲ್ಲಿ ಹೊಸ ರಚನೆಗಳು ದೀರ್ಘವಾಗಿ ಬಾಳಿದ ಉದಾಹರಣೆಗಳು ಬೇಕಿದ್ದರೆ ಕಛೇರಿ ವೇದಿಕೆಯಿಂದ ಸ್ವಲ್ಪ ಆಚೆ ನೋಡಬೇಕು. ಮೊದಲನೆಯದು ಕಂಪನಿ ನಾಟಕ. ಮಲ್ಲಿಕಾರ್ಜುನ ಮನಸೂರರೂ ಬಸವರಾಜ ರಾಜಗುರುಗಳೂ ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ಕಂಪನಿಯಲ್ಲಿದ್ದವರು. ಗದಗದಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಇತ್ತು, ಪಂಚಾಕ್ಷರಿ ಗವಾಯಿಗಳ ಆಶ್ರಮವೂ ನಾಟಕ ಕಂಪನಿ ನಡೆಸಿತು, ಪುಟ್ಟರಾಜ ಗವಾಯಿಗಳು ಅದಕ್ಕೆಂದು ನಾಟಕಗಳನ್ನೇ ಬರೆದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ನಾಟಕದ ಪ್ರತಿಯೊಂದು ಹಾಡೂ ಹೇಳಿ ಮಾಡಿಸಿದ ಹೊಸ ರಚನೆ. ಆದರೆ ಅದು ಒಂದು ರಾತ್ರಿಗೆ ಮುಗಿಯುತ್ತಿರಲಿಲ್ಲ. ಅದೇ ಹಾಡು ಅದೇ ಕ್ಯಾಂಪಿನಲ್ಲಿ ರಾತ್ರಿ ರಾತ್ರಿ ಆಗಬೇಕು, ಮುಂದಿನ ಕ್ಯಾಂಪಿನಲ್ಲಿ ಮತ್ತೆ ಆಗಬೇಕು, ಪಾತ್ರಧಾರಿ ಬದಲಾದರೆ ಹೊಸಬರು ಕಲಿತು ಹಾಡಬೇಕು. ಮೂರನೆಯ ವಾರಕ್ಕೆ ಯಾವ ಹಾಡಿಗೆ ‘ಒನ್ಸ್ ಮೋರ್’ ಬರುತ್ತದೆ, ಯಾವುದು ಸಪ್ಪೆ ಎಂಬುದು ಕಂಪನಿಗೆ ಗೊತ್ತಾಗಿಬಿಡುತ್ತಿತ್ತು. ಸಪ್ಪೆಯಾದದ್ದನ್ನು ತಿದ್ದುತ್ತಿದ್ದರು, ಇಲ್ಲವೆ ಕೈಬಿಡುತ್ತಿದ್ದರು. ಹೊಸ ರಚನೆಗೆ ಬೇಕಾದ್ದು ಇದೇ: ಮತ್ತೆ ಮತ್ತೆ ಹಾಡಿಸಿ, ತಿದ್ದಿ, ಇನ್ನೊಬ್ಬರಿಗೆ ದಾಟಿಸುವ ವ್ಯವಸ್ಥೆ. ಕಂಪನಿ ನಾಟಕದಲ್ಲಿ ಆ ವ್ಯವಸ್ಥೆ ವ್ಯಾಪಾರದ ಅನಿವಾರ್ಯತೆಯಿಂದಲೇ ಒದಗಿಬಂದಿತ್ತು.

ಎರಡನೆಯದು ವಚನ ಗಾಯನ. ವಚನಗಳು ಹನ್ನೆರಡನೆಯ ಶತಮಾನದವು. ಆದರೆ ಅವುಗಳನ್ನು ರಾಗದಾರಿಯಲ್ಲಿ, ತಂಬೂರಿ ತಬಲಾಗಳ ಸಾಥ್‌ನಲ್ಲಿ, ಕಛೇರಿಯ ಭಾಗವಾಗಿ ಹಾಡುವ ಈಗಿನ ರೂಪ ಇಪ್ಪತ್ತನೆಯ ಶತಮಾನದ ಸೃಷ್ಟಿ. ಮನಸೂರರು ಅಕ್ಕಮಹಾದೇವಿಯ ‘ಅಕ್ಕ ಕೇಳವ್ವಾ, ನಾನೊಂದು ಕನಸ ಕಂಡೆ’ ವಚನವನ್ನು ಹಾಡಿದ ರೀತಿ ಒಂದು ಹೊಸ ಸಂಯೋಜನೆಯೇ. ರಾಜಗುರುಗಳು, ಸಿದ್ಧರಾಮ ಜಂಬಲದಿನ್ನಿಯವರು ಅದನ್ನು ತಮ್ಮ ತಮ್ಮ ದಾರಿಯಲ್ಲಿ ಬೆಳೆಸಿದರು. ಭೀಮಸೇನ ಜೋಶಿಯವರು ದಾಸರ ಪದಗಳಿಗೆ ಇದೇ ಬಗೆಯ ಕೆಲಸ ಮಾಡಿದರು. ಇವು ಉಳಿದದ್ದು ಹೇಗೆ? ಸಾಹಿತ್ಯ ಜನರ ಬಾಯಲ್ಲಿ ಮೊದಲೇ ಇತ್ತು. ಐದರಿಂದ ಹತ್ತು ನಿಮಿಷದಲ್ಲಿ ಮುಗಿಯುವ ಅಳತೆ. ಮಠಗಳಲ್ಲಿ, ಶ್ರಾವಣದ ಪ್ರವಚನಗಳಲ್ಲಿ, ಶಾಲೆಯ ಸ್ಪರ್ಧೆಗಳಲ್ಲಿ ಮತ್ತೆ ಮತ್ತೆ ಹಾಡುವ ಅವಕಾಶ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಇವನ್ನು ಬೆಳಗಿನ ಹೊತ್ತು ಮನೆಮನೆಗೆ ಮುಟ್ಟಿಸಿತು. ಮನಸೂರರು ಅಲ್ಲಿ ಸಂಗೀತ ಸಲಹೆಗಾರರೂ ಆಗಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಈ ಭಾಗದ ಕಛೇರಿಯ ಕೊನೆಗೆ ಒಂದು ವಚನವೋ ಪದವೋ ಆಗಲೇಬೇಕೆಂಬ ರೂಢಿ ಬೆಳೆಯಿತು. ಅಂದರೆ ಹೊಸ ಸಂಯೋಜನೆಗೆ ಕಛೇರಿಯೊಳಗೆ ಒಂದು ನಿಶ್ಚಿತ ಜಾಗ ಸಿಕ್ಕಿತು. ಇಲ್ಲಿ ಒಂದು ಅನ್ಯಾಯವೂ ನಡೆದಿದೆ ಎಂಬುದನ್ನು ಹೇಳದೆ ಬಿಡಲಾರೆ. ವಚನಕಾರರ ಅಂಕಿತ ಉಳಿಯಿತು, ಹಾಡಿದವರ ಹೆಸರು ಉಳಿಯಿತು, ಎಷ್ಟೋ ಸಲ ರಾಗ ಸಂಯೋಜಿಸಿದವರ ಹೆಸರು ಅಳಿಸಿಹೋಯಿತು. ಇವತ್ತು ಶಾಲಾ ಮಕ್ಕಳು ಹಾಡುವ ವಚನವೊಂದರ ಧಾಟಿ ಯಾರದೆಂದು ಕೇಳಿದರೆ ಉತ್ತರ ಕೊಡುವವರು ಅಪರೂಪ.

ಹೊಸ ಕೃತಿಯನ್ನು ಮಾಡಿಸುವವರು ಈ ಎರಡು ಉದಾಹರಣೆಗಳನ್ನು ಮುಂದಿಟ್ಟುಕೊಂಡು ತಮ್ಮ ಯೋಜನೆಯನ್ನು ಪರೀಕ್ಷಿಸಿಕೊಳ್ಳಬಹುದು. ಇಪ್ಪತ್ತು ಕಲಾವಿದರ ವೃಂದಗಾಯನಕ್ಕೆ ಮೊದಲ ಸಂಜೆಯ ಮೆರುಗು ಇದೆ. ಆದರೆ ಅಷ್ಟೂ ಜನರನ್ನು ಮತ್ತೆ ಒಂದೆಡೆ ಕೂಡಿಸಿ, ತಾಲೀಮು ಮಾಡಿಸಿ, ವೇದಿಕೆಗೆ ತರುವ ವೆಚ್ಚವನ್ನು ಗದಗದ ಅಥವಾ ಹಾವೇರಿಯ ಒಂದು ಸಣ್ಣ ಸಂಗೀತ ಸಭೆ ಹೊರಲಾರದು. ಅದೇ ಹಣದಲ್ಲಿ ನಾಲ್ಕು ಜನ ಸಂಯೋಜಕರಿಂದ ತಲಾ ಎರಡು ಬಂದಿಶ್ ಕಟ್ಟಿಸಿದರೆ, ಅವನ್ನು ಒಬ್ಬ ಗಾಯಕ, ಒಬ್ಬ ತಬಲಾ ಸಾಥಿ, ಒಂದು ಸಂವಾದಿನಿ ಇರುವ ಯಾವ ಊರಿನಲ್ಲೂ ಹಾಡಬಹುದು. ದೊಡ್ಡದು ಬೇಡವೆಂದಲ್ಲ, ದೊಡ್ಡದನ್ನು ಮಾಡಿಸುವವರು ಮೂರು ಊರುಗಳ ಪ್ರಯೋಗಕ್ಕೆ ಹಣ ಕೂಡಿಸಿಟ್ಟ ಮೇಲೆಯೇ ಕೈಹಾಕಬೇಕು.

ಪಶ್ಚಿಮದವರು ಈ ಪ್ರಶ್ನೆಗೆ ಕಂಡುಕೊಂಡ ಒಂದು ಉತ್ತರ ನಮಗೂ ಒಗ್ಗುತ್ತದೆ. ಅಲ್ಲಿ ಹಲವು ವಾದ್ಯವೃಂದಗಳು ಸೇರಿ ಒಂದೇ ಕೃತಿಯನ್ನು ಮಾಡಿಸುತ್ತವೆ. ವೆಚ್ಚ ಹಂಚಿಹೋಗುತ್ತದೆ, ಸೇರಿದ ಪ್ರತಿಯೊಬ್ಬರೂ ಅದನ್ನು ನುಡಿಸುವ ಮಾತು ಕೊಟ್ಟಿರುತ್ತಾರೆ. ಅಮೆರಿಕದ ವಾದ್ಯವೃಂದಗಳ ಒಕ್ಕೂಟ ಈಚೆಗೆ ಆರು ಮಹಿಳಾ ಸಂಯೋಜಕರ ಕೃತಿಗಳಿಗಾಗಿ ಮೂವತ್ತು ವಾದ್ಯವೃಂದಗಳನ್ನು ಹೀಗೆ ಒಟ್ಟುಗೂಡಿಸಿತು. ಪ್ರತಿಯೊಂದು ಕೃತಿಯನ್ನೂ ಒಂದು ವೃಂದ ಮೊದಲು ನುಡಿಸಿದ ಮೇಲೆ ಉಳಿದ ನಾಲ್ಕು ವೃಂದಗಳು ನುಡಿಸಬೇಕೆಂಬುದು ಏರ್ಪಾಡು. ಕ್ರೋನೋಸ್ ಕ್ವಾರ್ಟೆಟ್ ಎಂಬ ನಾಲ್ವರ ತಂತಿವಾದ್ಯ ತಂಡ 2015ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಐವತ್ತು ಹೊಸ ಕೃತಿಗಳನ್ನು ಮಾಡಿಸಿ, ಅವುಗಳ ಸ್ವರಲಿಪಿಯನ್ನು ಎಳೆಯ ವಾದಕರು ಕಲಿಯಲೆಂದು ಅಂತರ್ಜಾಲದಲ್ಲಿ ಉಚಿತವಾಗಿ ಕೊಟ್ಟಿದೆ. ಅವುಗಳಲ್ಲಿ ಝಾಕಿರ್ ಹುಸೇನರ ಒಂದು ಕೃತಿಯೂ ಇದೆ. ಅದೇ ಝಾಕಿರ್ ಹುಸೇನರಿಂದ ಮುಂಬಯಿಯ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಮಾಡಿಸಿದ ತಬಲಾ ಕಾನ್ಸರ್ಟೊ (ತಬಲಾ ಮತ್ತು ವಾದ್ಯವೃಂದ ಕೂಡಿದ ಕೃತಿ) ‘ಪೇಶ್ಕಾರ್’ 2015ರಲ್ಲಿ ಮುಂಬಯಿಯಲ್ಲಿ ಮೊದಲು ಕೇಳಿಸಿ, ಆ ಬಳಿಕ ವಿದೇಶ ಪ್ರವಾಸಗಳಲ್ಲೂ ನುಡಿಸಲ್ಪಟ್ಟಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ ಆ ಕೃತಿಯ ತಬಲಾ ಭಾಗ ಎರಡನೆಯ ಕೈಗೆ ಹೋಗಬೇಕಾಗಿದೆ. ಮೊದಲ ಪ್ರಯೋಗದ ಬೆನ್ನಿಗೇ ಎರಡನೆಯದು ನಡೆಯುವುದರ ಮಹತ್ವಕ್ಕೆ ಹಳೆಯ ಉದಾಹರಣೆಯೂ ಇದೆ. ಕೂಸೆವಿಟ್ಸ್ಕಿ ಪ್ರತಿಷ್ಠಾನ 1943ರಲ್ಲಿ ಕಾಯಿಲೆಯಲ್ಲಿದ್ದ ಬೇಲಾ ಬಾರ್ಟೋಕರಿಂದ ಬರೆಸಿದ ‘ಕಾನ್ಸರ್ಟೊ ಫಾರ್ ಆರ್ಕೆಸ್ಟ್ರಾ’ 1944ರ ಡಿಸೆಂಬರ್ 1ರಂದು ಬೋಸ್ಟನ್ನಿನಲ್ಲಿ ಮೊದಲು ನುಡಿಯಿತು. ಅದೇ ವೃಂದ ಅದನ್ನು ಅದೇ ತಿಂಗಳ ಕೊನೆಯಲ್ಲಿ ಮತ್ತೆ ನುಡಿಸಿ ರೇಡಿಯೊದಲ್ಲಿ ಪ್ರಸಾರವಾಗುವಂತೆ ಮಾಡಿತು. ಬಾರ್ಟೋಕರು ಮುಂದಿನ ವರ್ಷವೇ ತೀರಿಕೊಂಡರು, ಕೃತಿ ಇಂದಿಗೂ ಜಗತ್ತಿನ ವಾದ್ಯವೃಂದಗಳ ರೂಢಿಯ ಕಾರ್ಯಕ್ರಮದಲ್ಲಿದೆ.

ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿಗಳ ನಡುವಿನ ದೂರ ಬಸ್ಸಿನಲ್ಲಿ ಕೆಲವೇ ಗಂಟೆಗಳದ್ದು. ನಾಲ್ಕು ಊರಿನ ನಾಲ್ಕು ಸಂಗೀತ ಸಭೆಗಳು ಕೂಡಿ ಒಂದು ಹೊಸ ರಚನೆಯನ್ನು ಮಾಡಿಸಿ, ಒಂದೇ ವರ್ಷದೊಳಗೆ ನಾಲ್ಕೂ ಕಡೆ ಹಾಡಿಸಲು, ಅದರಲ್ಲಿ ಕನಿಷ್ಠ ಎರಡು ಕಡೆ ಬೇರೆ ಗಾಯಕರಿಂದ ಹಾಡಿಸಲು, ಇಚ್ಛೆಯೊಂದನ್ನು ಬಿಟ್ಟರೆ ದೊಡ್ಡ ಅಡ್ಡಿ ಏನೂ ಕಾಣುವುದಿಲ್ಲ.

ಇನ್ನು ಕಾಗದಪತ್ರದ ವಿಚಾರ. ನಮ್ಮಲ್ಲಿ ಬಹುತೇಕ ಒಪ್ಪಂದಗಳು ಫೋನಿನಲ್ಲಿ ಮುಗಿಯುತ್ತವೆ. ಕಲಾವಿದರಿಗೆ ಸಿಗುವುದು ಆಮಂತ್ರಣ ಪತ್ರ ಮಾತ್ರ. ಕಾನೂನಿನ ಸ್ಥಿತಿಯನ್ನು ಅರಿತರೆ ಇದು ಎಷ್ಟು ಅಪಾಯಕರವೆಂಬುದು ಗೊತ್ತಾಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿಯಿಂದ, ಸ್ವರಲಿಪಿಯಲ್ಲಿ ಬರೆಯದಿದ್ದರೂ ಸಂಗೀತ ಕಟ್ಟಿದವರೇ ಸಂಯೋಜಕರೆಂದು ಮಾನ್ಯತೆ ಇದೆ. ಹಕ್ಕು ಅವರ ಜೀವಿತಕಾಲ ಮತ್ತು ಮರಣಾನಂತರದ 60 ವರ್ಷ ಇರುತ್ತದೆ. ಸ್ವತಂತ್ರ ಕಲಾವಿದರೊಬ್ಬರಿಂದ ಹಣ ಕೊಟ್ಟು ಸಂಗೀತ ಮಾಡಿಸಿದ ಮಾತ್ರಕ್ಕೆ ಹಕ್ಕು ಮಾಡಿಸಿದವರಿಗೆ ಹೋಗುವುದಿಲ್ಲ. ಲಿಖಿತ ವರ್ಗಾವಣೆ ಬೇಕು. ಆ ಬರೆಹದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಎಂದು ಕಾಯ್ದೆ ತಿಳಿಯುತ್ತದೆ. ಆದರೆ ಸರಕಾರದ ನಿರ್ದೇಶನ ಅಥವಾ ನಿಯಂತ್ರಣದಲ್ಲಿ ಆದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಸರಕಾರವೇ ಮೊದಲ ಹಕ್ಕುದಾರ. ಉತ್ಸವಗಳಿಗಾಗಿ ಹೊಸ ರಚನೆ ಕೊಡುವ ನಮ್ಮ ಕಲಾವಿದರಲ್ಲಿ ಎಷ್ಟು ಜನ ಈ ವ್ಯತ್ಯಾಸವನ್ನು ಯೋಚಿಸಿ ಸಹಿ ಹಾಕುತ್ತಾರೆ?

ದಾಖಲೆ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ದೆಹಲಿ ಹೈಕೋರ್ಟಿನ ಪ್ರಕರಣವೊಂದು ಕಣ್ಣೆದುರಿಗಿದೆ. ಕಿರಿಯ ಡಾಗರ್ ಸಹೋದರರದೆಂದು ಹೇಳಲಾದ ‘ಶಿವಸ್ತುತಿ’ ಎಂಬ ಧ್ರುಪದವನ್ನು ಚಲನಚಿತ್ರದ ಹಾಡೊಂದರಲ್ಲಿ ಬಳಸಲಾಗಿದೆ ಎಂದು ಉಸ್ತಾದ ವಾಸಿಫುದ್ದೀನ್ ಡಾಗರರು ಎ.ಆರ್. ರೆಹಮಾನ್ ಮತ್ತಿತರರ ಮೇಲೆ ದಾವೆ ಹೂಡಿದರು. 2025ರ ಏಪ್ರಿಲ್‌ನಲ್ಲಿ ಏಕಸದಸ್ಯ ಪೀಠ ಡಾಗರರ ಪರವಾಗಿ ಮಧ್ಯಂತರ ಆದೇಶ ನೀಡಿತು. ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. ಒಂದು ರಚನೆಯನ್ನು ಹಾಡಿದವರೇ ಅದರ ಸಂಯೋಜಕರೆಂದು ಭಾವಿಸಲಾಗದು ಎಂಬ ಅಂಶ ಆ ಎರಡನೆಯ ಆದೇಶದಲ್ಲಿ ಮುಖ್ಯವಾಗಿತ್ತು. ನ್ಯಾಯ ಯಾರ ಕಡೆಗಿದೆ ಎಂಬ ಚರ್ಚೆ ಬೇರೆ. ನಮ್ಮ ವಿಷಯಕ್ಕೆ ಸಂಬಂಧಿಸಿದ ಪಾಠವೆಂದರೆ, ಮನೆತನದ ಹೆಸರು ಜಗತ್ಪ್ರಸಿದ್ಧವಾಗಿದ್ದರೂ, ಯಾವಾಗ, ಯಾರು, ಏನನ್ನು ಕಟ್ಟಿದರು ಎಂಬ ದಾಖಲೆ ಬೇಕಾಗುತ್ತದೆ ಎಂಬುದು. ಹೊಸ ರಚನೆ ಮಾಡಿಸುವಾಗ ಆ ದಾಖಲೆಯನ್ನು ಸೃಷ್ಟಿಸಲು ಬೇಕಾಗುವುದು ಒಂದು ಪುಟದ ಪತ್ರ, ದಿನಾಂಕ ಹಾಕಿದ ಸ್ವರಲಿಪಿ, ಸಂಯೋಜಕರ ಕಂಠದಲ್ಲೇ ಒಂದು ಧ್ವನಿಮುದ್ರಣ.

ಧ್ವನಿಮುದ್ರಣದ ಮಾತು ಬಂದಾಗ ಸಂಘಟಕರು ಯೂಟ್ಯೂಬ್ ತೋರಿಸುತ್ತಾರೆ: ಕಾರ್ಯಕ್ರಮದ ವಿಡಿಯೊ ಹಾಕಿದ್ದೇವೆ, ಇಷ್ಟು ಸಾವಿರ ಜನ ನೋಡಿದ್ದಾರೆ, ಇನ್ನೇನು ಬೇಕು ಎಂದು. ನೋಡುವುದರಿಂದ ರಚನೆಗೆ ಶ್ರೋತೃ ಸಿಗುತ್ತಾನೆ. ಹಾಡುವವರು ಸಿಗಬೇಕಾದರೆ ಬೇರೆ ಬಗೆಯ ಮುದ್ರಣ ಬೇಕು. ವೇದಿಕೆಯ ವಿಡಿಯೊದಲ್ಲಿ ಆಲಾಪ, ತಾನ, ಚಪ್ಪಾಳೆಗಳ ನಡುವೆ ಬಂದಿಶ್ ಚದುರಿರುತ್ತದೆ; ಅಂತರಾ (ಬಂದಿಶ್‌ನ ಎರಡನೆಯ ಭಾಗ) ಒಮ್ಮೆ ಮಾತ್ರ ಬಂದು ಹೋಗಿರುತ್ತದೆ; ಸಾಹಿತ್ಯದ ಅಕ್ಷರಗಳು ಸ್ಪಷ್ಟವಿರುವುದಿಲ್ಲ; ವಿಡಿಯೊದ ತಲೆಬರಹದಲ್ಲಿ ಗಾಯಕರ ಹೆಸರಿರುತ್ತದೆ, ರಾಗದ ಹೆಸರಿರುತ್ತದೆ, ಸಂಯೋಜಕರ ಹೆಸರಿರುವುದಿಲ್ಲ. ಇದರ ಪಕ್ಕದಲ್ಲಿ ಸಂಯೋಜಕರು ಬರೀ ತಂಬೂರಿ ಮತ್ತು ತಬಲಾ ಠೇಕಾ ಇಟ್ಟುಕೊಂಡು ಸ್ಥಾಯಿಯನ್ನು ನಾಲ್ಕು ಸಲ, ಅಂತರಾವನ್ನು ನಾಲ್ಕು ಸಲ ನಿಧಾನವಾಗಿ ಹಾಡಿ, ಎಲ್ಲಿ ನಿಲ್ಲಬೇಕು, ಯಾವ ಸ್ವರವನ್ನು ತಪ್ಪಿಯೂ ಮುಟ್ಟಬಾರದು ಎಂದು ಮಾತಿನಲ್ಲಿ ಹೇಳಿದ ಹದಿನೈದು ನಿಮಿಷದ ಮುದ್ರಣ ಇದ್ದರೆ, ದೂರದ ಒಬ್ಬ ವಿದ್ಯಾರ್ಥಿನಿ ತನ್ನ ಗುರುಗಳ ಮುಂದೆ ಅದನ್ನು ಇಟ್ಟು ಕಲಿಯಬಹುದು. ಅದರ ಖರ್ಚು ಸಮಾರಂಭದ ಹೂವಿನ ಅಲಂಕಾರಕ್ಕಿಂತ ಹೆಚ್ಚಾಗದು.

ಕಲಿಸುವ ಜಾಗಗಳಿಗೆ ನಮ್ಮಲ್ಲಿ ಬರವಿಲ್ಲ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯ ಇದೆ. ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ಗುರುಕುಲ ಇದೆ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕೇಳಿಯೇ ಕಲಿಯುವ, ಕೇಳಿದ್ದನ್ನು ಬಿಡದೆ ಹಿಡಿದಿಡುವ ಪರಂಪರೆ ಪಂಚಾಕ್ಷರಿ ಗವಾಯಿಗಳ ಕಾಲದಿಂದ ನಡೆದುಬಂದಿದೆ. ಅಂಧ ವಿದ್ಯಾರ್ಥಿಗಳ ಆ ಸ್ಮರಣಶಕ್ತಿಗಿಂತ ಭದ್ರವಾದ ಭಂಡಾರ ಒಂದು ಹೊಸ ಬಂದಿಶ್‌ಗೆ ಬೇರೆಲ್ಲಿ ಸಿಕ್ಕೀತು? ಹೊಸ ರಚನೆಗೆ ಕೊಡುವ ಹಣದಲ್ಲಿ ಮೂರನೆಯ ಒಂದು ಭಾಗವನ್ನು ತಡೆಹಿಡಿದು, ಸಂಯೋಜಕರು ಇವುಗಳಲ್ಲಿ ಒಂದು ಕಡೆ ಮೂವರು ವಿದ್ಯಾರ್ಥಿಗಳಿಗೆ ಅದನ್ನು ಪೂರ್ತಿ ಕಲಿಸಿದ ಮೇಲೆ ಸಂದಾಯ ಮಾಡುವ ಕರಾರು ಮಾಡಿಕೊಳ್ಳಬಹುದು. ಕಲಿತ ಮೂವರು ಬೇರೆ ಬೇರೆ ಘರಾಣೆಯವರಾದರೆ ಇನ್ನೂ ಒಳ್ಳೆಯದು. ಸಂಗೀತ ಪರೀಕ್ಷೆಗಳ ಪಠ್ಯಪಟ್ಟಿಯಲ್ಲಿ, ಮೇಲಿನ ಹಂತಗಳಲ್ಲಾದರೂ, ಜೀವಂತ ಸಂಯೋಜಕರೊಬ್ಬರ ಒಂದು ಬಂದಿಶ್ ಹಾಡಬೇಕೆಂಬ ಅಂಶ ಸೇರಿದರೆ ಕಲಿಯುವವರ ಸಂಖ್ಯೆ ತಾನಾಗಿ ಹೆಚ್ಚುತ್ತದೆ. ಪರೀಕ್ಷೆಗೆಂದು ಕಲಿತದ್ದು ಕಲೆಯಾಗುವುದಿಲ್ಲವೆಂಬ ಆಕ್ಷೇಪ ಬರಬಹುದು. ಭಾತಖಂಡೆಯವರ ಪುಸ್ತಕಗಳ ಮೇಲೂ ಇದೇ ಆಕ್ಷೇಪ ಬಂದಿತ್ತು, ಆದರೂ ಅಲ್ಲಿಂದ ಎತ್ತಿಕೊಂಡ ಚೀಜುಗಳಿಗೆ ದೊಡ್ಡ ಗವಾಯಿಗಳು ಜೀವ ತುಂಬಿದರು.

ಹೀಗೆ ಮಾಡಿದರೂ ಮಾಡಿಸಿದ ರಚನೆಗಳೆಲ್ಲ ಉಳಿಯುವುದಿಲ್ಲ, ಉಳಿಯಬೇಕಾಗಿಯೂ ಇಲ್ಲ. ದುರ್ಬಲವಾದದ್ದು ಬಿದ್ದುಹೋಗಬೇಕು. ಈಗಿನ ತೊಂದರೆ ಏನೆಂದರೆ ಒಳ್ಳೆಯದೂ ದುರ್ಬಲವಾದದ್ದೂ ಒಂದೇ ಸಂಜೆಯಲ್ಲಿ, ಒಂದೇ ರೀತಿಯಲ್ಲಿ ಮರೆಯಾಗುತ್ತಿವೆ. ಬೇರ್ಪಡಿಸುವ ಅವಕಾಶ ಗಾಯಕರಿಗೂ ಸಿಗುತ್ತಿಲ್ಲ, ಶ್ರೋತೃಗಳಿಗೂ ಸಿಗುತ್ತಿಲ್ಲ. ಆ ಅವಕಾಶಕ್ಕೆ ನನ್ನ ದೃಷ್ಟಿಯಲ್ಲಿ ಅತ್ಯಂತ ಯೋಗ್ಯವಾದ ಜಾಗ ಕುಂದಗೋಳ ಮತ್ತು ಗದಗದ ಪುಣ್ಯತಿಥಿ ಸಂಗೀತೋತ್ಸವಗಳು. ಸವಾಯಿ ಗಂಧರ್ವರ ಹೆಸರಿನಲ್ಲೋ ಗವಾಯಿಗಳ ಹೆಸರಿನಲ್ಲೋ ಸೇರುವ ಅಲ್ಲಿನ ಶ್ರೋತೃವರ್ಗ ತಾಳ್ಮೆಯದು, ತಿಳಿದದ್ದು. ಹಾಡುವವರಿಗೆ ಆ ವೇದಿಕೆ ಹರಕೆಯಿದ್ದಂತೆ, ಬಿದಾಗಿಯ ಲೆಕ್ಕ ಅಲ್ಲಿ ಹಿಂದೆ ಸರಿಯುತ್ತದೆ. ಹಿಂದಿನ ವರ್ಷ ಬೇರೆಲ್ಲಾದರೂ ಮೊದಲ ಪ್ರಯೋಗ ಕಂಡ ಎರಡು ರಚನೆಗಳನ್ನು, ಕಟ್ಟಿದವರನ್ನು ಬಿಟ್ಟು ಬೇರೆ ಇಬ್ಬರು ಗಾಯಕರು ಅಲ್ಲಿ ಹಾಡಲಿ. ಹಾಡುವ ಮುನ್ನ ಸಂಯೋಜಕರ ಹೆಸರನ್ನು ವೇದಿಕೆಯಿಂದ ಹೇಳಲಿ. ಇದಕ್ಕೆ ಹೊಸ ಅನುದಾನ ಬೇಕಿಲ್ಲ, ಹೊಸ ಸಮಿತಿ ಬೇಕಿಲ್ಲ. ಕಾರ್ಯಕ್ರಮ ಪಟ್ಟಿಯಲ್ಲಿ ನಲವತ್ತು ನಿಮಿಷ ಬೇಕು, ಮತ್ತು ಮೂರು ತಿಂಗಳು ಮೊದಲೇ ಆ ಇಬ್ಬರು ಗಾಯಕರಿಗೆ ಸ್ವರಲಿಪಿಯನ್ನೂ ಮುದ್ರಣವನ್ನೂ ಸಂಯೋಜಕರ ಫೋನ್ ನಂಬರನ್ನೂ ಕೊಡುವ ಒಬ್ಬ ಕಾರ್ಯದರ್ಶಿ ಬೇಕು.